ಪರದೆಯಣ್ಣ ಬೆಳಕಿಗೆ ಬಂದದ್ದು

"ಇನ್ನು ಮೇಲೆ ಈ ಕೈ ಹಗ್ಗ ಮುಟ್ಟೋದಿಲ್ಲ," ಎಂದು ಪರದೆಯಣ್ಣ ಊಟದ ಮೇಜಿನ ಪಕ್ಕದಲ್ಲಿ ನಿಂತು, ಬಲಗೈ ಮೇಲೆತ್ತಿ, ಭೀಷ್ಮಪ್ರತಿಜ್ಞೆ ಮಾಡಿದ. ಪ್ರತಿಜ್ಞೆಗೆ ಸಾಕ್ಷಿಯಾಗಿದ್ದವರು ಇಬ್ಬರೇ. ಹೆಂಡತಿ ಬೀನ್ಸಿನ ನಾರು ತೆಗೆಯುತ್ತಿದ್ದಳು. ತಾಯಿ ಮೂಲೆಯ ಆರಾಮ ಕುರ್ಚಿಯಲ್ಲಿ ಒರಗಿ ಕಣ್ಣು ಮುಚ್ಚಿಕೊಂಡಿದ್ದರು.

"ಯಾವ ಹಗ್ಗ?" ಎಂದಳು ಹೆಂಡತಿ, ತಲೆ ಎತ್ತದೆ. "ಬಟ್ಟೆ ಒಣಗಿಸೋದಾ? ಅದನ್ನ ನೀವು ಮುಟ್ಟಿದ್ದು ಯಾವಾಗ?"

"ಪರದೆ ಹಗ್ಗ ಕಣೇ. ಈ ಸಲ ನಾನು ಪರದೆ ಮುಂದೆ. ಯಜಮಾನನ ಪಾತ್ರ ನಂದು."

ತಾಯಿ ಒಂದು ಕಣ್ಣು ತೆರೆದು ಮಗನನ್ನು ನೋಡಿ, ಮತ್ತೆ ಮುಚ್ಚಿಕೊಂಡರು.

ಪರದೆಯಣ್ಣನ ಕಸುಬು ಕನ್ನಡಕದ ಅಂಗಡಿ. ಅಂಗಡಿಯ ಬೋರ್ಡಿನ ಮೇಲೆ ಅವನ ಸ್ವಂತ ಹೆಸರು ದಪ್ಪ ಅಕ್ಷರದಲ್ಲಿದೆ. ಆದರೆ ಕನ್ನಡಕ ಇಲ್ಲದವರಿಗೆ ಬೋರ್ಡು ಕಾಣುವುದಿಲ್ಲ, ಕನ್ನಡಕ ಇದ್ದವರಿಗೆ ಅಂಗಡಿಯೇ ಬೇಕಿಲ್ಲ. ಹೀಗಾಗಿ ಆ ಹೆಸರನ್ನು ಓದಿದವರು ಯಾರೂ ಇಲ್ಲ. ಬರುವವರೆಲ್ಲ "ಪರದೆಯಣ್ಣನ ಅಂಗಡಿ ಇದೇನಾ?" ಎಂದೇ ಕೇಳಿಕೊಂಡು ಬರುತ್ತಾರೆ. ಹವ್ಯಾಸಿ ನಾಟಕ ಮಂಡಳಿಯಲ್ಲಿ ಇಪ್ಪತ್ತೇಳು ವರ್ಷ ಪರದೆ ಎಳೆದದ್ದಕ್ಕೆ ಅವನಿಗೆ ಸಂದ ಬಿರುದು ಅದು. ಕೊಟ್ಟವರು ಪ್ರೀತಿಯಿಂದಲೇ ಕೊಟ್ಟಿದ್ದರು. ಇಟ್ಟುಕೊಂಡವನಿಗೆ ಮಾತ್ರ ಅದು ಹೊಸ ಚಪ್ಪಲಿಯ ಹಾಗೆ ಕಚ್ಚುತ್ತಿತ್ತು.

ಅವನು ಮಂಡಳಿಗೆ ಸೇರಿದ್ದು ನಟನಾಗಬೇಕೆಂದೇ. ಆಗ ಮಂಡಳಿಯವರೆಲ್ಲ ಗುರುಗಳು ಎಂದು ಕರೆಯುತ್ತಿದ್ದ ಹಿರಿಯರೇ ನಿರ್ದೇಶಕರು. "ಯಜಮಾನರು ಮನೆಯಲ್ಲಿದ್ದಾರೆ" ಎಂಬ ಸಾಮಾಜಿಕ ಹಾಸ್ಯ ನಾಟಕಕ್ಕೆ ಪಾತ್ರಗಳನ್ನು ಆರಿಸುತ್ತಿದ್ದರು. ಇವನ ಬಾಯಿಂದ ಒಂದೇ ಒಂದು ಮಾತು ಹೇಳಿಸಿದರು. ಸ್ವಲ್ಪ ಹೊತ್ತು ನೆಲ ನೋಡಿದರು. ಆಮೇಲೆ ಕೈಗೆ ಹಗ್ಗ ಕೊಟ್ಟು, "ನಿನ್ನ ಮುಖಕ್ಕಿಂತ ಕೈ ಚೆನ್ನಾಗಿದೆ," ಎಂದರು. ಹಗ್ಗ ಎಳೆಯುವುದನ್ನು ಮಾತ್ರ ಮನಸ್ಸಿಟ್ಟು ಕಲಿಸಿದರು. "ಕೊನೇ ಮಾತು ಮುಗಿದಾಗ ಪ್ರೇಕ್ಷಕ ಒಂದು ಉಸಿರು ಒಳಗೆ ತಗೋತಾನೆ. ಅದನ್ನ ಹೊರಗೆ ಬಿಡೋ ಮುಂಚೆ ಪರದೆ ಬಿದ್ದಿರಬೇಕು. ತಡವಾದ್ರೆ ನಾಟಕ ಸತ್ತಿತು ಅಂತಲೇ ತಿಳ್ಕೋ."

ಇವನು ಇಪ್ಪತ್ತೇಳು ವರ್ಷ ಒಂದೇ ಒಂದು ನಾಟಕವನ್ನೂ ಸಾಯಗೊಡಲಿಲ್ಲ. ಆದರೆ ಪರದೆ ಎಳೆದವನಿಗೆ ಯಾರಾದರೂ ಚಪ್ಪಾಳೆ ತಟ್ಟಿದ್ದುಂಟೆ?

ಆ ಮೊದಲ ನಾಟಕದಲ್ಲಿ ಯಜಮಾನನ ಹೆಂಡತಿಯ ಪಾತ್ರ ಮಾಡಿದ ಹುಡುಗಿಯನ್ನೇ ಪರದೆಯಣ್ಣ ಎರಡು ವರ್ಷದ ಮೇಲೆ ಮದುವೆಯಾದ. ರಂಗದ ಪಕ್ಕದ ಮರೆಯಲ್ಲಿ, ವಿಂಗ್‌ನಲ್ಲಿ ನಿಂತವನಿಗೆ ಆಕೆಯ ಬಲಗಡೆಯ ಮುಖ ಮಾತ್ರ ಕಾಣುತ್ತಿತ್ತು. ಎಡಗಡೆಯದನ್ನು ಸರಿಯಾಗಿ ನೋಡಿದ್ದು ಮದುವೆಯಾದ ಮೇಲೆಯೇ. ಮದುವೆಯ ನಂತರ ಆಕೆ ರಂಗ ಹತ್ತಲಿಲ್ಲ. ಬಿಡು ಎಂದು ಯಾರೂ ಹೇಳಿರಲಿಲ್ಲ. ಬಿಡಬೇಡ ಎಂದೂ ಯಾರೂ ಹೇಳಿರಲಿಲ್ಲ. ಮನೆ ಎಂದಮೇಲೆ ಕೆಲಸಕ್ಕೇನು ಬರವೆ? ಹಾಗೆಯೇ ಇಪ್ಪತ್ತೈದು ವರ್ಷ ಕಳೆಯಿತು.

ಈಗ ಅದೇ ನಾಟಕವನ್ನು ಮಂಡಳಿ ಮತ್ತೆ ಕೈಗೆತ್ತಿಕೊಂಡಿತ್ತು. ಕಾರ್ಯದರ್ಶಿಯೂ ನಿರ್ದೇಶಕರೂ ಆದವರು ಹಲ್ಲಿನ ಡಾಕ್ಟರು. ನಟರಿಗೆ ಅವರು ಕೊಡುತ್ತಿದ್ದ ಸೂಚನೆ ಮುಖ್ಯವಾಗಿ ಒಂದೇ: "ಇನ್ನೂ ಸ್ವಲ್ಪ ಬಾಯಿ ತೆಗೀರಿ." ಸಭೆ ಸೇರಿದ್ದು ಅವರ ಆಸ್ಪತ್ರೆಯ ಮಹಡಿಯಲ್ಲಿ, ರೋಗಿಗಳು ಕಾಯುವ ಕೋಣೆಯಲ್ಲಿ. ಗುರುಗಳು ಎಂಬತ್ತೆರಡರ ವಯಸ್ಸಿನಲ್ಲಿ ದೂರದೂರಿನಿಂದ ನಾಟಕ ನೋಡಲು ಬರುತ್ತಾರೆ ಎಂದು ಡಾಕ್ಟರು ತಿಳಿಸಿದರು. ಜೊತೆಗೆ ಒಂದು ಕಾಗದವನ್ನೂ ಓದಿದರು. "ಅಂದು ನಾವು ರಟ್ಟಿನ ಮನೆಯಲ್ಲಿ ಆ ನಾಟಕ ಆಡಿದೆವು. ಅದಕ್ಕೆ ನಿಜವಾದ ಮನೆ ಬೇಕಿತ್ತು" ಎಂದು ಗುರುಗಳು ಬರೆದಿದ್ದರು.

"ಅಂದ್ರೆ ನಿಜವಾದ ಸಾಮಾನು ಬೇಕು," ಎಂದರು ಡಾಕ್ಟರು. "ಸೋಫಾ, ಗಡಿಯಾರ, ಬೀರು. ಯಾರು ಕೊಡ್ತೀರಿ?"

ಸದಸ್ಯರೆಲ್ಲ ಸೂರನ್ನು ನೋಡಿದರು. ಸೂರಿನಲ್ಲಿ ಒಂದು ಫ್ಯಾನು ಬಿಟ್ಟರೆ ಬೇರೇನೂ ಇರಲಿಲ್ಲ. ಆಗ ಪರದೆಯಣ್ಣ ಎದ್ದು ನಿಂತ.

"ಸಾಮಾನೆಲ್ಲ ನಂದು. ಯಜಮಾನನ ಪಾತ್ರವೂ ನಂದು."

ಡಾಕ್ಟರು ಅವನನ್ನು ಹುಳುಕು ಹಲ್ಲನ್ನು ನೋಡುವಂತೆ ಓರೆಯಾಗಿ ನೋಡಿದರು. "ಸೋಫಾ ಇದೆಯಾ?"

"ಇದೆ."

"ಬೀರು?"

"ಮರದ್ದು. ಬಾಗಿಲಿಗೆ ಆಳೆತ್ತರದ ಕನ್ನಡಿ. ನಮ್ಮಪ್ಪನ ಕಾಲದ್ದು."

"ಹಾಗಾದ್ರೆ ಯಜಮಾನ ನೀವೇ," ಎಂದರು ಡಾಕ್ಟರು.

ಪರದೆಯಣ್ಣನ ನಟನಾ ಸಾಮರ್ಥ್ಯ ಹೀಗೆ ಸರ್ವಾನುಮತದಿಂದ ಅಂಗೀಕಾರವಾಯಿತು. ಹಗ್ಗವನ್ನು ಮಂಡಳಿಯ ದರ್ಜಿಗೆ ವಹಿಸಲಾಯಿತು. ಪರದೆ ಹೊಲಿದವನೇ ಪರದೆ ಎಳೆದರೆ ಸರಿ ಎಂಬುದು ಡಾಕ್ಟರ ತರ್ಕ.

ಮನೆಯಲ್ಲಿ ಹೇಳುವಾಗ ಪರದೆಯಣ್ಣ ಸೋಫಾದ ಭಾಗವನ್ನು ನುಂಗಿಕೊಂಡು ಪ್ರತಿಭೆಯ ಭಾಗವನ್ನಷ್ಟೇ ಹೇಳಿದ. ಆಮೇಲೆ, ಏನೋ ನೆನಪಾದವನಂತೆ, "ಒಂದೇ ಒಂದು ಕುರ್ಚಿ ಕೇಳಿದ್ದಾರೆ. ಕೊಟ್ಟುಬಿಡೋಣ," ಎಂದ.

"ಹೆಂಡತಿ ಪಾತ್ರ ಯಾರು ಮಾಡ್ತಾರೆ?" ಎಂದು ಕೇಳಿದಳು ಹೆಂಡತಿ.

"ಲೆಕ್ಕದ ಟೀಚರು. ಚುರುಕಾಗಿದ್ದಾರೆ."

ಆಕೆಯ ಕೈಯಲ್ಲಿದ್ದ ಬೀನ್ಸು ಪಟ್ಟನೆ ಮುರಿಯಿತು. "ಮಾಡ್ಲಿ ಬಿಡಿ. ಒಳ್ಳೇ ಪಾತ್ರ," ಎಂದಳು.

ನಾಟಕದ ಕಥೆ ಸರಳ. ಯಜಮಾನನೊಬ್ಬನಿದ್ದಾನೆ, "ಈ ಮನೆಯಲ್ಲಿ ನನ್ನ ಅಪ್ಪಣೆ ಇಲ್ಲದೆ ಒಂದು ಬಾಗಿಲೂ ತೆರೆಯುವುದಿಲ್ಲ" ಎಂಬುದು ಅವನ ಪಲ್ಲವಿ. ಮಗಳನ್ನು ಊರಿನ ಸಿರಿವಂತ ಮುದುಕನಿಗೆ ಕೊಡುತ್ತೇನೆಂದು ಒಪ್ಪಿಗೆ ಪತ್ರ ಬರೆದು ಬೀರುವಿನಲ್ಲಿಟ್ಟಿದ್ದಾನೆ. ಕೊನೆಯ ದೃಶ್ಯದಲ್ಲಿ ಪಲ್ಲವಿ ಹಾಡುತ್ತ ಬೀರು ತೆರೆದರೆ ಆ ಪತ್ರವೇ ಇಲ್ಲ. ಅದರ ಜಾಗದಲ್ಲಿ ಮಗಳು ತನಗೆ ಬೇಕಾದವನನ್ನು ಮದುವೆಯಾದ ಸುದ್ದಿಯ ಕಾಗದ. ಹೆಂಡತಿ ಅದನ್ನು ಓದಿ ಹೇಳುತ್ತಾಳೆ. ಯಜಮಾನ ಮಾತಿಲ್ಲದೆ ಕುರ್ಚಿಗೆ ಕುಸಿಯುತ್ತಾನೆ. ಪರದೆ.

ಆ ಕುಸಿಯುವುದರ ಮೇಲೆ ಪರದೆಯಣ್ಣ ಪ್ರಾಣವನ್ನೇ ಇಟ್ಟಿದ್ದ. ಮೊದಲು ಮೊಣಕಾಲು, ಆಮೇಲೆ ಭುಜ, ಕಡೆಗೆ ಗದ್ದ. ಹೀಗೆ ಮೂರು ಹಂತದಲ್ಲಿ ಕುಸಿಯುವ ಯೋಜನೆ. ಗುರುಗಳು ಮುಂದಿನ ಸಾಲಿನಲ್ಲಿ ಕೂತು ಅದನ್ನು ನೋಡಬೇಕು. ನೋಡಿ "ಭೇಷ್" ಎನ್ನಬೇಕು. ಇಪ್ಪತ್ತೇಳು ವರ್ಷದಿಂದ ಅವನು ಕಾದಿದ್ದು ಆ ಒಂದು ಮಾತಿಗೆ. ಅದು ಸಿಕ್ಕಿದರೆ ಪರದೆಯಣ್ಣ ಎಂಬ ಹೆಸರು ತಾನಾಗಿಯೇ ಕಳಚಿ ಬೀಳುತ್ತದೆ ಎಂದು ಅವನ ಲೆಕ್ಕ.

ಅಂಗಡಿಯಲ್ಲಿ ಕಣ್ಣು ಪರೀಕ್ಷೆಯ ಅಕ್ಷರಗಳ ಹಲಗೆಯ ಕೆಳಗೆ ತನ್ನ ಮಾತುಗಳ ಹಾಳೆಯನ್ನು ಅಂಟಿಸಿಕೊಂಡ. ಒಬ್ಬ ನಿವೃತ್ತ ಪೋಸ್ಟ್‌ಮಾಸ್ಟರು ಅಕ್ಷರಗಳನ್ನು ಮುಗಿಸಿ, ಕೆಳಗಿನ ಹಾಳೆಯನ್ನೂ ಬಿಡದೆ, "ಈ ಮನೆಯಲ್ಲಿ ನನ್ನ ಅಪ್ಪಣೆ ಇಲ್ಲದೆ..." ಎಂದು ಗುಡುಗಿದರು. ಅಂಗಡಿಯಲ್ಲಿದ್ದವರೆಲ್ಲ ಬೆಚ್ಚಿಬಿದ್ದರು. ಪರದೆಯಣ್ಣನಿಗಿಂತ ಅವರೇ ಚೆನ್ನಾಗಿ ಹೇಳಿದ್ದರು. ಅವರ ದೃಷ್ಟಿ ಸರಿಯಾಗಿದೆಯೆಂದು ಹೇಳಿ ಕನ್ನಡಕ ಕೊಡದೆಯೇ ಕಳಿಸಿಬಿಟ್ಟ.

ಇತ್ತ ಒಂದು ಕುರ್ಚಿ ಒಬ್ಬಂಟಿಯಾಗಿ ಹೋಗಲಿಲ್ಲ. ಮೂರು ದಿನದಲ್ಲಿ ಮೇಜು ಹೋಯಿತು. ಕುರ್ಚಿ ಇದ್ದಮೇಲೆ ಮೇಜು ಬೇಡವೆ? ಮೇಜು ಹೋದ ಮೇಲೆ ಅಲ್ಲಿಯ ಗೋಡೆ ಬೋಳಾಗಿ ಕಾಣುತ್ತದೆಂದು ಗಡಿಯಾರ ಹೋಯಿತು. ನಟರು ಸೋಫಾಕ್ಕೆ ಒಗ್ಗಬೇಕೆಂದು ಡಾಕ್ಟರು ಹೇಳಿಕಳಿಸಿದ್ದರಿಂದ ಸೋಫಾ ತಾಲೀಮು ನಡೆಯುವ ಆಸ್ಪತ್ರೆಯ ಮಹಡಿ ಸೇರಿತು. ನಟರಿಗಿಂತ ಮೊದಲು ಹಲ್ಲುನೋವಿನವರು ಅದಕ್ಕೆ ಒಗ್ಗಿಕೊಂಡರು. ಸೋಫಾದ ಎಡಗಾಲು ಕುಂಟು. ಮನೆಯವರು ಯಾರೂ ಆ ತುದಿಗೆ ಕೂರುವುದಿಲ್ಲ. ರೋಗಿಗಳಿಗೆ ಅದು ಹೇಗೆ ಗೊತ್ತಾಗಬೇಕು? ಕೂತವರು ಒಬ್ಬರ ಮೇಲೊಬ್ಬರು ಜಾರುತ್ತಿದ್ದರು. ಕಿಟಕಿಯ ಪರದೆಗಳೂ ಹೋದ ದಿನ ಎದುರುಮನೆಯಾಕೆ ಒಳಗೆಲ್ಲ ಕಣ್ಣಾಡಿಸಿ, "ಮನೆ ಖಾಲಿ ಮಾಡ್ತಿದ್ದೀರಾ?" ಎಂದು ಕೇಳಿದಳು.

"ಇಲ್ಲ, ನಾಟಕ ಆಡ್ತಿದ್ದಾರೆ," ಎಂದಳು ಪರದೆಯಣ್ಣನ ಹೆಂಡತಿ.

ಎದುರುಮನೆಯಾಕೆ ಅದನ್ನು ನಂಬಲಿಲ್ಲ. ಎರಡು ದಿನದ ನಂತರ ಅಪರಿಚಿತ ದಂಪತಿಗಳು ಬಂದು, ನಲ್ಲಿ ತಿರುಗಿಸಿ ನೋಡಿ, ಅಡುಗೆಮನೆಯ ಅಳತೆ ತೆಗೆದುಕೊಂಡು ಹೋದರು. ಪರದೆಯಣ್ಣ ನೆಲದ ಮೇಲೆ ಚಾಪೆ ಹಾಸಿಕೊಂಡು ಊಟ ಮಾಡುತ್ತಿದ್ದ. ಅವರು ಅವನನ್ನೂ ದಾಟಿಕೊಂಡು ಹೋಗಿ ಅಳೆದರು.

ಹೆಂಡತಿ ಜಗಳ ಮಾಡಲಿಲ್ಲ. ಮಾಡಿದ್ದರೆ ಅವನಿಗೆ ಎಷ್ಟೋ ಹಗುರವಾಗುತ್ತಿತ್ತು. "ಇನ್ನೇನು ಉಳಿದಿದೆ?" ಎಂದು ಒಂದು ಸಂಜೆ ಶಾಂತವಾಗಿ ಕೇಳಿದಳು.

"ಬೀರು. ಅದು ಭಾರ, ಮಹಡಿ ಹತ್ತಿಸೋಕಾಗಲ್ಲ. ನಾಟಕದ ದಿನ ಬೆಳಿಗ್ಗೆ ನೇರವಾಗಿ ಹಾಲ್‌ಗೆ." ತಾಯಿಯ ಕಡೆ ನೋಡದೆ ಹೇಳಿದ, "ಮತ್ತೆ... ಅಮ್ಮನ ಆರಾಮ ಕುರ್ಚಿ."

ತಾಯಿ ಎರಡೂ ಕಣ್ಣು ತೆರೆದರು. "ಕುರ್ಚಿ ಹೋದ್ರೆ ನಾನೂ ಹೋಗ್ತೀನಿ."

"ಒಂದು ಸಂಜೆ ಮಟ್ಟಿಗೆ ಅಮ್ಮ. ಬೇರೆ ಕುರ್ಚಿ ತಂದು ಕೊಡ್ತೀನಿ."

"ನಿಮ್ಮಪ್ಪ ತಂದಿದ್ದು ಕಣೋ ಇದು. ಎಲ್ಲಿಗೆ ಬೇಕಾದ್ರೂ ಹೊತ್ಕೊಂಡು ಹೋಗಿ. ನಾನು ಇದರಲ್ಲೇ ಇರ್ತೀನಿ."

ಡಾಕ್ಟರಿಗೆ ಸುದ್ದಿ ಮುಟ್ಟಿತು. ಅವರು ಯೋಚಿಸಿ, ನಿಜವಾದ ಮನೆಯೆಂದರೆ ಮೂಲೆಯಲ್ಲಿ ಒಬ್ಬರು ಅಜ್ಜಿ ಇರುವುದು ಸಹಜವೇ ಎಂದು ತೀರ್ಮಾನಿಸಿ, ಖುದ್ದಾಗಿ ಬಂದು ಷರತ್ತು ಹಾಕಿದರು. "ಅಮ್ಮ, ನೀವು ಕೂತಿದ್ರೆ ಸಾಕು. ಒಂದು ಮಾತೂ ಆಡಬಾರದು."

"ನಾನ್ಯಾಕಪ್ಪ ಆಡ್ಲಿ," ಎಂದರು ತಾಯಿ. "ಈ ಮನೇಲಿ ನಾನು ಆಡಿದ ಮಾತು ಕೇಳಿದವರಾದ್ರೂ ಯಾರು?"

ನಾಟಕದ ದಿನ ಬೆಳಿಗ್ಗೆ ಬೀರು ಬರಿದಾಯಿತು. ಬಟ್ಟೆಬರೆ, ಹಳೆಯ ಫೋಟೋಗಳು, ಗುಂಡಿ ಸೂಜಿಗಳ ಡಬ್ಬಿ, ಎಲ್ಲ ಅಡುಗೆಮನೆಯ ನೆಲಕ್ಕೆ ಬಂದವು. ಕೊನೆಯ ದೃಶ್ಯದ ಕಾಗದವನ್ನು ಪರದೆಯಣ್ಣ ಹೆಂಡತಿಯ ಕೈಗೆ ಕೊಟ್ಟು, "ಇದನ್ನ ಮೇಲಿನ ಅರೆಯಲ್ಲಿಡು. ಇಲ್ಲಿಂದಲೇ ಹೋಗಲಿ, ಅಲ್ಲಿ ಯಾರಾದ್ರೂ ಕಳೆದುಬಿಡ್ತಾರೆ," ಎಂದ. ಆಕೆ ಅದನ್ನು ಇಟ್ಟು, ಬಾಗಿಲು ಮುಚ್ಚಿ, ಹಿಡಿಯ ಮೇಲೆ ಕೈಯಿಟ್ಟುಕೊಂಡೇ ಕೇಳಿದಳು.

"ಇದನ್ನ ತೆಗೆಯೋದು ಗೊತ್ತಲ್ಲ ನಿಮಗೆ?"

ಪರದೆಯಣ್ಣ ನಕ್ಕ. ಮೂರು ತಿಂಗಳು ತಾಲೀಮು ಮಾಡಿದ ನಟನ ನಗೆ ಅದು. "ಬೀರು ತೆಗೆಯೋಕೂ ತಾಲೀಮು ಬೇಕೇನೇ?"

"ಬೇಡ ಬಿಡಿ," ಎಂದಳು.

ಬೀರುವನ್ನು ನಾಲ್ಕು ಜನ ಹೊತ್ತರು. ಆಮೇಲೆ ಕುರ್ಚಿಯನ್ನು ಹೊತ್ತರು, ತಾಯಿ ಸಮೇತ. ತಾಯಿ ಬೀದಿಯ ಎರಡೂ ಬದಿಯವರಿಗೆ ಕೈ ಬೀಸುತ್ತ ಹೋದರು.

ಸಂಜೆ ಆರೂವರೆಗೆ ಹಾಲ್ ತುಂಬಿತ್ತು. ಮುಂದಿನ ಸಾಲಿನ ನಡುವೆ ಗುರುಗಳು ಕೋಲು ಊರಿಕೊಂಡು ಕೂತಿದ್ದರು. ಮೂರನೆಯ ಸಾಲಿನ ತುದಿಯಲ್ಲಿ ಹೆಂಡತಿ. ಪರದೆ ಸರಿಯಿತು. ಆಕೆ ನೋಡಿದ್ದು ತನ್ನದೇ ಮನೆಯನ್ನು. ಅದೇ ಸೋಫಾ, ಅದೇ ಗಡಿಯಾರ, ಅವೇ ಕಿಟಕಿ ಪರದೆಗಳು, ಮೂಲೆಯಲ್ಲಿ ಅದೇ ಅತ್ತೆ. ಹೊಸದಾಗಿದ್ದದ್ದು ಬೆಳಕು ಮಾತ್ರ. ಇಪ್ಪತ್ತೈದು ವರ್ಷದಲ್ಲಿ ಆ ಕೋಣೆಗೆ ಅಷ್ಟು ಬೆಳಕು ಬಿದ್ದಿರಲಿಲ್ಲ.

ನ್ಯಾಯವಾಗಿ ಹೇಳಬೇಕೆಂದರೆ ಪರದೆಯಣ್ಣ ಕೆಟ್ಟದಾಗೇನೂ ಮಾಡಲಿಲ್ಲ. ಮಾತು ಮರೆಯಲಿಲ್ಲ. ಸೋಫಾದ ಎಡತುದಿಯಲ್ಲಿ ಕೂರಲಿಲ್ಲ. ಬೆಳಗಿನ ದೃಶ್ಯದಲ್ಲಿ ಗಡಿಯಾರ ಏಳು ಹೊಡೆದಾಗ ಅದು ಸಂಜೆಯ ಏಳೆಂದು ಯಾರೂ ಗಮನಿಸಲಿಲ್ಲ. ತಾಯಿ ಕೊಟ್ಟ ಮಾತಿನಂತೆ ತುಟಿ ಬಿಚ್ಚಲಿಲ್ಲ, ಮಗ "ನನ್ನ ಅಪ್ಪಣೆ ಇಲ್ಲದೆ..." ಎಂದಾಗಲೆಲ್ಲ ಮುಖವನ್ನು ಗೋಡೆಯ ಕಡೆಗೆ ತಿರುಗಿಸಿಕೊಳ್ಳುತ್ತಿದ್ದರು, ಅಷ್ಟೇ. ಜನ ಅದಕ್ಕೂ ನಕ್ಕರು. ಗುರುಗಳ ಕೋಲು ಎರಡು ಸಲ ನೆಲ ಕುಟ್ಟಿದ್ದನ್ನು ಪರದೆಯಣ್ಣ ಎಣಿಸಿಕೊಂಡ. ಇನ್ನೇನು ಭೇಷ್ ಸಿಕ್ಕಿತು ಎಂದುಕೊಂಡ.

ಕೊನೆಯ ದೃಶ್ಯ ಬಂತು. ಲೆಕ್ಕದ ಟೀಚರು ಹೆಂಡತಿಯಾಗಿ ಪಕ್ಕದಲ್ಲಿ ನಿಂತರು. ಪರದೆಯಣ್ಣ ಎದೆ ಉಬ್ಬಿಸಿ, ಬಾಯಿ ಪೂರ್ತಿ ತೆಗೆದು, "ಈ ಮನೆಯಲ್ಲಿ ನನ್ನ ಅಪ್ಪಣೆ ಇಲ್ಲದೆ ಒಂದು ಬಾಗಿಲೂ ತೆರೆಯುವುದಿಲ್ಲ!" ಎಂದು ಘರ್ಜಿಸಿ, ಬೀರುವಿನ ಹಿಡಿ ಹಿಡಿದು ಎಳೆದ.

ಬಾಗಿಲು ತೆರೆಯಲಿಲ್ಲ.

ಮತ್ತೆ ಎಳೆದ. ಬೀರು ಇಡೀ ಒಂದು ಬೆರಳು ಮುಂದಕ್ಕೆ ಬಂತು. ಬಾಗಿಲು ಮಾತ್ರ ಇದ್ದಲ್ಲೇ ಇತ್ತು. ಆಗ ಪರದೆಯಣ್ಣನಿಗೆ ಒಂದು ಸತ್ಯ ಹೊಳೆಯಿತು. ಈ ಬೀರುವನ್ನು ಅವನು ಈ ಜನ್ಮದಲ್ಲಿ ಒಮ್ಮೆಯೂ ತೆರೆದಿರಲಿಲ್ಲ. ಮದುವೆಗೆ ಮುಂಚೆ ತಾಯಿ ತೆರೆಯುತ್ತಿದ್ದರು, ಆಮೇಲೆ ಹೆಂಡತಿ. ಅವನಿಗೆ ಬೇಕಾದ ಅಂಗಿ ಬೇಕಾದ ಹೊತ್ತಿಗೆ ಹೊರಗೆ ಬಂದಿರುತ್ತಿತ್ತು. ಬಾಗಿಲಿನ ಕಥೆ ಅವನಿಗೆ ಹೇಗೆ ಗೊತ್ತಾಗಬೇಕು?

"ಈ ಬೀರು..." ಎಂದು ಪರದೆಯಣ್ಣ ಸ್ವಂತ ಮಾತು ಹೊಸೆಯಲು ಹೊರಟ. "ಈ ಬೀರು ನನ್ನ ಇನ್ನೊಂದು ಅಪ್ಪಣೆಗಾಗಿ ಕಾಯುತ್ತಿದೆ."

ಇನ್ನೊಂದು ಅಪ್ಪಣೆ ಕೊಟ್ಟ. ಒಂದು ಕಾಲು ಬೀರುವಿಗೆ ಒತ್ತಿ ಎರಡೂ ಕೈಯಲ್ಲಿ ಎಳೆದ. ಜನ ನಗತೊಡಗಿದರು. ಲೆಕ್ಕದ ಟೀಚರು ತುಟಿ ಅಲುಗಿಸದೆ ಪಿಸುಗುಟ್ಟಿದರು, "ನೀವು ತೆಗೆದ್ರೆ ನಾನು ಮುಂದಿನ ಮಾತು ಹೇಳಬಹುದು."

"ತೆಗೀತಾ ಇದ್ದೀನಲ್ಲ."

"ಇಲ್ಲ, ತೆಗೀತಾ ಇಲ್ಲ," ಎಂದರು ಟೀಚರು. ತಪ್ಪು ಉತ್ತರವನ್ನು ಸುಮ್ಮನೆ ಬಿಟ್ಟು ಅಭ್ಯಾಸವಿಲ್ಲ ಅವರಿಗೆ.

ಆಗ ಮೂಲೆಯಿಂದ, ಇಡೀ ಹಾಲ್‌ಗೆ ಕೇಳುವಂತೆ, ತಾಯಿ ಹೇಳಿದರು. "ಅವಳನ್ನ ಕರಿಯೋ."

ನಗೆ ಸೂರಿಗೆ ಹೋಗಿ ಬಡಿಯಿತು. ಅದು ನಾಟಕದಲ್ಲೇ ಇರುವ ಮಾತೆಂದು ಎಲ್ಲರೂ ತಿಳಿದರು. ನಗದೆ ಇದ್ದವರು ಒಂದಿಬ್ಬರೇ. ಬೀರುವಿನ ಕನ್ನಡಿಯಲ್ಲಿ ಪರದೆಯಣ್ಣನಿಗೆ ಮೊದಲು ತನ್ನ ಬಣ್ಣ ಹಚ್ಚಿದ ಮುಖ ಕಂಡಿತು, ಅದರ ಹಿಂದೆ ಗುರುಗಳು, ಗುರುಗಳ ಹಿಂದೆ ಮೂರನೆಯ ಸಾಲಿನ ತುದಿ. ಹೆಂಡತಿ ಮಡಿಲಲ್ಲಿ ಕೈಯಿಟ್ಟುಕೊಂಡು ಕೂತಿದ್ದಳು. ತಾನಾಗಿ ಏಳುವ ಹಾಗೆ ಕಾಣಲಿಲ್ಲ. ಅವನು ಕರೆದರೆ ಯಜಮಾನ ಸತ್ತ. ಕರೆಯದಿದ್ದರೆ ನಾಟಕ ಸತ್ತಿತು.

ಪರದೆಯಣ್ಣ ತಿರುಗಿದ. ದಿನಾ ಬೆಳಿಗ್ಗೆ ಅಂಗಿಗಾಗಿ ಕರೆಯುವ ದನಿಯೇ ಬಾಯಿಗೆ ಬಂತು. "ಇವಳೇ, ಇಲ್ಲಿ ಸ್ವಲ್ಪ ಬರ್ತೀಯಾ? ಬೀರು ತೆಗೀಬೇಕಿತ್ತು."

ಇಡೀ ನಾಟಕದಲ್ಲಿ ಅವನಾಡಿದ ಸಹಜವಾದ ಮಾತು ಅದೊಂದೇ ಎಂದು ಡಾಕ್ಟರು ಆಮೇಲೆ ಅಭಿಪ್ರಾಯಪಟ್ಟರು.

ಹೆಂಡತಿ ಎದ್ದಳು. ಅವಸರವಿಲ್ಲದೆ ನಡೆದು ಬಂದಳು. ರಂಗದ ಮೆಟ್ಟಿಲ ಬುಡದಲ್ಲಿ ಚಪ್ಪಲಿ ಬಿಟ್ಟಳು. ತನ್ನ ಮನೆಯೊಳಗೆ ಯಾರಾದರೂ ಚಪ್ಪಲಿ ಹಾಕಿಕೊಂಡು ಹೋಗುತ್ತಾರೆಯೇ? ದಾರಿಯಲ್ಲಿ ಸೋಫಾದ ಜಾರಿದ ಹೊದಿಕೆಯನ್ನು ಸರಿಪಡಿಸಿದಳು. ಅತ್ತೆಯನ್ನು "ಮಾತ್ರೆ ತಗೊಂಡ್ರಾ?" ಎಂದು ಕೇಳಿದಳು. ಅತ್ತೆ ತಲೆಯಾಡಿಸಿದರು. ಆಮೇಲೆ ಬೀರುವಿನ ಹತ್ತಿರ ಬಂದು, ಗಂಡನನ್ನು ಎರಡು ಬೆರಳಲ್ಲಿ ಪಕ್ಕಕ್ಕೆ ಸರಿಸಿ, ಹಿಡಿಯನ್ನು ಕೊಂಚ ಮೇಲಕ್ಕೆತ್ತಿ, ಎಡಬಾಗಿಲಿಗೆ ಮೊಣಕಾಲಿನಿಂದ ಒಂದು ಸಣ್ಣ ಗುದ್ದು ಕೊಟ್ಟಳು.

ಬೀರು ಬೆಣ್ಣೆಯಂತೆ ತೆರೆದುಕೊಂಡಿತು.

ಆಕೆ ಕಾಗದ ತೆಗೆದು ಕೈಯಲ್ಲಿ ಹಿಡಿದಳು. ಅದನ್ನು ಟೀಚರಿಗೆ ಕೊಟ್ಟು ಇಳಿದು ಹೋದರೆ ಮುಗಿಯುತ್ತಿತ್ತು. ಹೆಂಡತಿ ಟೀಚರನ್ನು ನೋಡಿದಳು. ಟೀಚರು ಆಕೆಯನ್ನು ನೋಡಿದರು. ಆ ನೋಟದಲ್ಲಿ ಟೀಚರಿಗೆ ಏನು ಕಂಡಿತೋ, ಒಂದು ಹೆಜ್ಜೆ ಹಿಂದೆ ಸರಿದು, "ನೀವೇ ಓದಿ ಅಕ್ಕ," ಎಂದರು.

ಕಾಗದದಲ್ಲಿ ಏನೂ ಬರೆದಿರಲಿಲ್ಲ. ರಂಗದ ಮೇಲಿನ ಕಾಗದಗಳಲ್ಲಿ ಏನೂ ಬರೆದಿರುವುದಿಲ್ಲ. ಹೆಂಡತಿ ಆ ಬಿಳಿಯ ಹಾಳೆಯನ್ನು ನೋಡುತ್ತ ಮಗಳ ಕಾಗದವನ್ನು ಮೊದಲಿನಿಂದ ಕೊನೆಯವರೆಗೆ, ಒಂದು ಮಾತೂ ತಪ್ಪದೆ ಓದಿದಳು. ಇಪ್ಪತ್ತೇಳು ವರ್ಷದ ಹಿಂದಿನ ಮಾತುಗಳು ಸ್ವಲ್ಪವೂ ಧೂಳು ಹಿಡಿದಿರಲಿಲ್ಲ. ಹಾಲ್‌ನಲ್ಲಿ ನಗೆ ನಿಂತಿತು. ಪರದೆಯಣ್ಣ ಬಾಯಿ ತೆರೆದುಕೊಂಡು ಕೇಳಿದ. ಆ ಮಾತುಗಳನ್ನು ಅವನು ಯಾವತ್ತೂ ಬದಿಯಿಂದಲೇ ಕೇಳಿದ್ದ. ಈಗ ಆಕೆ ಅವನ ಮುಖ ನೋಡಿಕೊಂಡೇ ಹೇಳುತ್ತಿದ್ದಳು. ಈ ಪಾತ್ರಕ್ಕೆ ನಿನ್ನನ್ನೇ ಕೇಳಬೇಕಿತ್ತು ಎಂಬುದು ಮೂರು ತಿಂಗಳಲ್ಲಿ ತನ್ನ ತಲೆಗೆ ಹೊಳೆಯಲೇ ಇಲ್ಲವಲ್ಲ ಎಂದು ಅವನಿಗೆ ನಾಚಿಕೆಯಾಯಿತು.

ಆಕೆ ಕಾಗದ ಮಡಚಿ ಕೊನೆಯ ಮಾತು ಹೇಳಿದಳು. "ಅಪ್ಪಣೆ ಕೊಡುವುದಕ್ಕೆ ನೀವಿದ್ದೀರಿ. ಬಾಗಿಲು ತೆರೆಯುವುದಕ್ಕೆ ನಾನಿದ್ದೇನೆ."

ಹಾಲ್ ಒಂದು ಉಸಿರು ಒಳಗೆ ತೆಗೆದುಕೊಂಡಿತು.

ಈಗ ಯಜಮಾನ ಕುಸಿಯಬೇಕು. ಮೊಣಕಾಲು, ಭುಜ, ಗದ್ದ. ಪರದೆಯಣ್ಣನ ಮೊಣಕಾಲು ಸಿದ್ಧವಾಗಿಯೂ ಇತ್ತು. ಆದರೆ ಕಣ್ಣು ಅಭ್ಯಾಸಬಲದಿಂದ ವಿಂಗ್‌ನತ್ತ ಹೋಯಿತು. ಅಲ್ಲಿ ದರ್ಜಿ ನಾಟಕದಲ್ಲಿ ಮುಳುಗಿಹೋಗಿದ್ದ. ಎರಡು ಕೈಯನ್ನೂ ಕೆನ್ನೆಗೆ ಒತ್ತಿಕೊಂಡು ಅಳುತ್ತಿದ್ದ. ಹಗ್ಗ ಅನಾಥವಾಗಿ ನೇತಾಡುತ್ತಿತ್ತು. ಆ ಉಸಿರು ಹೊರಗೆ ಬರಲು ಇನ್ನು ಅರೆ ಕ್ಷಣ. ಬಂದರೆ ಆಕೆಯ ಆ ಮಾತು ಕೆಮ್ಮು ಸೀನುಗಳ ನಡುವೆ ಕಳೆದುಹೋಗುತ್ತದೆ.

ಪರದೆಯಣ್ಣ ಕುಸಿಯಲಿಲ್ಲ. ಮೂರೇ ಹೆಜ್ಜೆಗೆ ವಿಂಗ್ ಸೇರಿ ಹಗ್ಗ ಎಳೆದ.

ಪರದೆ ಬಿತ್ತು. ಆಮೇಲೆ ಬಂತು ಚಪ್ಪಾಳೆ. ಹೆಂಡತಿ ಪರದೆಯ ಒಳಗೆ, ತನ್ನ ಸೋಫಾದ ಪಕ್ಕದಲ್ಲಿ, ಕಾಗದ ಹಿಡಿದುಕೊಂಡು ನಿಂತಿದ್ದಳು. ಯಜಮಾನ ಕತ್ತಲಲ್ಲಿ ಹಗ್ಗ ಹಿಡಿದುಕೊಂಡು ನಿಂತಿದ್ದ.

ಗುರುಗಳನ್ನು ಇಬ್ಬರು ಕೈಹಿಡಿದು ರಂಗಕ್ಕೆ ಕರೆತಂದರು. ಅವರು ಹೆಂಡತಿಯ ತಲೆಯ ಮೇಲೆ ಕೈಯಿಟ್ಟು, "ಎಲ್ಲಿ ಹೋಗಿದ್ಯಮ್ಮ ಇಷ್ಟು ದಿನ?" ಎಂದರು. ಆಕೆ ಕಣ್ಣು ಒರೆಸಿಕೊಂಡಳು. ಗುರುಗಳು ಸುತ್ತ ನೋಡಿ, "ಪರದೆ ಎಳೆದವರು ಯಾರು?" ಎಂದು ಕೇಳಿದರು. ಡಾಕ್ಟರು ದರ್ಜಿಯನ್ನು ಮುಂದೆ ತಳ್ಳಿದರು. ಗುರುಗಳು ಅವನ ಬೆನ್ನು ತಟ್ಟಿದರು.

"ಭೇಷ್. ಅಂಥ ಪರದೆ ನಾನು ನನ್ನ ಜೀವಮಾನದಲ್ಲಿ ಒಬ್ಬನ ಕೈಯಲ್ಲಿ ಮಾತ್ರ ನೋಡಿದ್ದೆ."

ದರ್ಜಿ ವಿನಯದಿಂದ ತಲೆ ತಗ್ಗಿಸಿದ. ಪರದೆಯಣ್ಣ ಹತ್ತು ಅಡಿ ದೂರದಲ್ಲಿ ನಿಂತು, ಇಪ್ಪತ್ತೇಳು ವರ್ಷದಿಂದ ಕಾದಿದ್ದ ಮಾತು ದರ್ಜಿಯ ಬೆನ್ನಿನ ಮೇಲೆ ಬಿದ್ದದ್ದನ್ನು ನೋಡಿದ.

"ಅವರಲ್ಲ ಗುರುಗಳೇ," ಎಂದಳು ಹೆಂಡತಿ. "ಎಳೆದದ್ದು ಇವರು."

ಗುರುಗಳು ಕಣ್ಣು ಕಿರಿದು ಮಾಡಿ ನೋಡಿದರು. "ಇವನು ಬೀರು ತೆಗೆಯೋಕೆ ಬರದವನಲ್ವಾ?"

"ಹೌದು. ಅವರೇ."

ಗುರುಗಳು ಪರದೆಯಣ್ಣನ ಮುಖ ಬಿಟ್ಟು ಅವನ ಕೈ ಹಿಡಿದು ಅಂಗೈ ತಿರುಗಿಸಿ ನೋಡಿದರು. "ಆ ಒಬ್ಬ ನೀನೇ ಅಲ್ವೇನೋ! ನಾನು ಅವತ್ತೇ ಹೇಳಿದ್ದೆ."

ಮರುದಿನ ಸಾಮಾನೆಲ್ಲ ಮನೆಗೆ ಬಂತು. ಹೆಂಡತಿ ಒಂದೊಂದನ್ನೂ ಅದರದರ ಜಾಗದಲ್ಲಿಟ್ಟಳು. ಪರದೆಯಣ್ಣ ಬಟ್ಟೆಗಳನ್ನು ಅಡುಗೆಮನೆಯಿಂದ ಹೊತ್ತು ತಂದ. ಮಡಚಿಟ್ಟದ್ದನ್ನು ತಪ್ಪು ಅರೆಯಲ್ಲಿ ತುರುಕುತ್ತ, ಬೆನ್ನು ತಿರುಗಿಸಿಕೊಂಡೇ, "ಮೊದಲೇ ನಿನ್ನ ಕೇಳಬೇಕಿತ್ತು," ಎಂದ.

"ಹೌದು, ಕೇಳಬೇಕಿತ್ತು," ಎಂದಳು. ಅಷ್ಟಕ್ಕೆ ಬಿಟ್ಟದ್ದು ಆಕೆಯ ದೊಡ್ಡತನ.

ವಾರದ ನಂತರ ಡಾಕ್ಟರು ಮನೆಗೆ ಬಂದರು. ಪಕ್ಕದೂರಿನಲ್ಲಿ ಎರಡು ಪ್ರಯೋಗ ನಿಶ್ಚಯವಾಗಿತ್ತು. ಅಲ್ಲಿಯವರು ಬೀರು ಬೇಕೆಂದಿದ್ದರು, ಅಜ್ಜಿ ಬೇಕೆಂದಿದ್ದರು, ಮೂರನೆಯ ಸಾಲಿನಿಂದ ಎದ್ದು ಬರುವ ಹೆಂಡತಿ ಅಂತೂ ಬೇಕೇ ಬೇಕೆಂದಿದ್ದರು. ಲೆಕ್ಕದ ಟೀಚರು ಮಗಳ ಪಾತ್ರಕ್ಕೆ ಒಪ್ಪಿದ್ದರು. ಒಂದೇ ವಾರದಲ್ಲಿ ಇಪ್ಪತ್ತು ವರ್ಷ ವಯಸ್ಸು ಇಳಿದದ್ದಕ್ಕೆ ಸಂತೋಷವಾಗಿಯೇ ಇದ್ದರು.

"ನಾನು?" ಎಂದ ಪರದೆಯಣ್ಣ.

"ನೀವಿಲ್ಲದೆ ಆಗುತ್ತಾ? ಬೀರು ಎತ್ತೋಕೆ ನಾಲ್ಕು ಜನ ಬೇಕು. ಮೂರು ಜನ ಸಿಕ್ಕಿದ್ದಾರೆ."

"ಮತ್ತೆ ಯಜಮಾನನ ಪಾತ್ರ?"

ಡಾಕ್ಟರು ಕೆಮ್ಮಿದರು. "ನಾನೇ ಮಾಡೋಣ ಅಂತ."

"ಬೇಡ," ಎಂಬ ದನಿ ಅಡುಗೆಮನೆಯಿಂದ ಬಂತು. "ಇವರೇ ಮಾಡ್ಲಿ."

ಪರದೆಯಣ್ಣನ ಎದೆ ಉಬ್ಬಿತು. ಇಪ್ಪತ್ತೈದು ವರ್ಷಕ್ಕೆ ಹೆಂಡತಿಯ ಬಾಯಿಂದ ಮೆಚ್ಚುಗೆ.

ಹೆಂಡತಿ ಕೈ ಒರೆಸಿಕೊಳ್ಳುತ್ತ ಹೊರಗೆ ಬಂದಳು. "ಆ ಬೀರು ಮುಂದೆ ಅಷ್ಟು ಪೆದ್ದುಪೆದ್ದಾಗಿ ನಿಲ್ಲೋದು ಬೇರೆಯವರಿಗೆ ಬರಲ್ಲ ಡಾಕ್ಟ್ರೇ. ಅದು ನಟನೆ ಮಾಡಿ ಬರೋದಲ್ಲ."

ಡಾಕ್ಟರು ಯೋಚಿಸಿ, ನಿಜವೆಂದು ಒಪ್ಪಿಕೊಂಡರು. ಹೊಸ ಕರಪತ್ರದಲ್ಲಿ "ಯಜಮಾನ ಹಾಗೂ ಪರದೆ: ಪರದೆಯಣ್ಣ" ಎಂದು ಅಚ್ಚಾಯಿತು. ಅವರು ಹಾಕಿದ ಷರತ್ತು ಒಂದೇ. ಪ್ರಯೋಗಗಳು ಮುಗಿಯುವವರೆಗೆ ಯಜಮಾನರು ಯಾವ ಕಾರಣಕ್ಕೂ ಆ ಬೀರು ತೆಗೆಯುವುದನ್ನು ಕಲಿಯಕೂಡದು.

ಇವತ್ತಿಗೂ ಷರತ್ತು ಜಾರಿಯಲ್ಲಿದೆ. ಈಗ ಬೆಳಗಿನ ಹತ್ತೂಕಾಲು. ಇನ್ನೂ ಬಾಗಿಲು ತೆರೆಯದ ಅಂಗಡಿಯ ಮುಂದೆ ನಿವೃತ್ತ ಪೋಸ್ಟ್‌ಮಾಸ್ಟರು ಬಂದು ನಿಂತಿದ್ದಾರೆ. ತಾಯಿ ಆರಾಮ ಕುರ್ಚಿಯಲ್ಲಿ ಕಣ್ಣು ಮುಚ್ಚಿಕೊಂಡಿದ್ದಾರೆ. ಬೀರುವಿನ ವಿಷಯ ಕೇಳಿದರೆ ತಮಗೆ ಮಾತಾಡಬಾರದೆಂದು ಡಾಕ್ಟರು ಹೇಳಿದ್ದಾರೆ ಎನ್ನುತ್ತಾರೆ. ಯಜಮಾನರು ಬನಿಯನ್ ತೊಟ್ಟುಕೊಂಡು ಮನೆಯಲ್ಲಿದ್ದಾರೆ. ಅಂಗಿ ಬೀರುವಿನಲ್ಲಿದೆ. ಹೆಂಡತಿ ತಾಲೀಮಿಗೆ ಹೋಗಿದ್ದಾಳೆ.